ಪ್ಲಾಸ್ಟಿಕ್ ಇಂಜಿನ್ನಿಗೆ ಹಿಡಿದ ತುಕ್ಕು

ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಬಣ್ಣ ಬಳಿದು, ಕೊನೆಗೆ ಯಾರಿಗೂ ಆಡಲು ಕೊಡದೆ ಗಾಜಿನ ಕಪಾಟಿನಲ್ಲಿಡುವ ಮನುಷ್ಯನೊಬ್ಬ ಮನೆಯಲ್ಲಿದ್ದರೆ, ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ.

ನಮ್ಮಲ್ಲಿ ಆ ಮನುಷ್ಯ ನನ್ನ ಭಾವಮೈದ. ತೊಂಬತ್ತರ ದಶಕದ ಕೊನೆಯ ಮಾತು. ಭದ್ರಾವತಿಯ ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಅವನ ಕೆಲಸ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ತರ್ಕಶಾಸ್ತ್ರದ ಮೇಷ್ಟರು. ಭಾನುವಾರ ಬಸ್ಸು ಹತ್ತಿ ಅವರ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಅತ್ತೆಯ ಅಡುಗೆ ಚೆನ್ನಾಗಿರುತ್ತಿತ್ತು, ಬೇರೆ ಕಾರಣವೇನೂ ಇರಲಿಲ್ಲ.

ಮಾವ ಅದೇ ಕಾರ್ಖಾನೆಯ ಯಾರ್ಡಿನಲ್ಲಿ ಉಗಿ ಇಂಜಿನ್ ಓಡಿಸಿ ರಿಟೈರ್ ಆದವರು. ಅವರು ಇಳಿದ ಮೇಲೆ ಇಂಜಿನ್ ಮೂಲೆಯಲ್ಲಿ ನಿಂತು, ತುಕ್ಕು ಹಿಡಿದು, ಗುಜರಿಗೆ ಹೋಯಿತು. ಮಾವ ಅದನ್ನು ನೋಡಲು ಒಂದು ಸಲವೂ ಹೋಗಲಿಲ್ಲ. ಆಯುಧಪೂಜೆಗೆ ಕೂರುವುದನ್ನೂ ಬಿಟ್ಟರು. ಕರೆದರೆ, "ಪೂಜೆ ಮಾಡೋಕೆ ನನ್ನ ಹತ್ರ ಏನಿದೆ? ಮಿಕ್ಸಿಗೆ ಮಾಡ್ಲಾ?" ಎನ್ನುತ್ತಿದ್ದರು.

ಆ ವರ್ಷ ಅಪ್ಪನನ್ನು ಪೂಜೆಗೆ ಕೂರಿಸಿಯೇ ತೀರುತ್ತೇನೆ ಎಂದು ಭಾವಮೈದ ಹಟ ಹಿಡಿದ. ಅದಕ್ಕೆ ಅವನು ಮಾಡಿದ ಉಪಾಯ, ಬೊಂಬಾಯಿಯಿಂದ ಉಗಿ ಇಂಜಿನ್ನಿನ ಮಾಡೆಲ್ ಕಿಟ್ ತರಿಸಿದ್ದು. ಇದರಲ್ಲಿ ತರ್ಕ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ.

ಪೆಟ್ಟಿಗೆ

ಪೆಟ್ಟಿಗೆಯ ಮೇಲೆ ಹೊಗೆಯುಗುಳುವ ಇಂಜಿನ್ನಿನ ಬಣ್ಣದ ಚಿತ್ರ. ಒಳಗೆ ಬೂದಿ ಬಣ್ಣದ ಬಾಚಣಿಗೆಗಳಂಥ ಚೌಕಟ್ಟುಗಳು, ಅವುಗಳಿಗೆ ಅಂಟಿಕೊಂಡ ಚಕ್ರ, ಸರಳು, ಮೆಟ್ಟಿಲು, ಹೆಸರಿಡಲಾಗದ ಚೂರುಗಳು. ಒಂದೊಂದನ್ನೇ ಬಿಡಿಸಿ, ಉಜ್ಜಿ, ಅಂಟಿಸಬೇಕಂತೆ. ಅದೂ ಅಲ್ಲದೆ ಅದು ಯಾವುದೋ ದೇಶದ ಇಂಜಿನ್. ಅರ್ಧದಷ್ಟನ್ನು ಕತ್ತರಿಸಿ ಅಪ್ಪನ ಇಂಜಿನ್ನಿನ ಹಾಗೆ ತಿದ್ದುತ್ತೇನೆ ಎಂದ.

ಅತ್ತೆ ಪೆಟ್ಟಿಗೆಯೊಳಗೆ ಇಣುಕಿದರು. ಮುಖ ಸಣ್ಣದಾಯಿತು.

"ದಾರೀಲೇ ಮುರಿದು ಹೋಗಿದೆ ಕಣೋ. ಬಿಲ್ ಇಟ್ಕೊಂಡಿದ್ದೀಯ ತಾನೆ?"

ಉಗುರು

ಮಾಡೆಲ್ಲಿಗೆ ಹಚ್ಚುವ ಬಣ್ಣ ನಮ್ಮ ಕಡೆ ಸಿಗುತ್ತಿರಲಿಲ್ಲ. ಇಂಜಿನ್ನಿನ ಮುಂದಿನ ಅಡ್ಡಪಟ್ಟಿಗೆ ಒಂದು ಬಗೆಯ ಮಾಸಲು ಕೆಂಪು ಬೇಕಿತ್ತು. ಆ ಕೆಂಪು ನೇಲ್ ಪಾಲಿಶ್‌ನಲ್ಲಿ ಮಾತ್ರ ಇದೆ, ನಿಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನೋಡಿ ತನ್ನಿ ಎಂದು ಭಾವಮೈದ ನನಗೆ ಕೆಲಸ ಹಚ್ಚಿದ.

ಬಳೆ ಅಂಗಡಿಯಾಕೆ ಶೀಶೆಗಳನ್ನು ಸಾಲಾಗಿ ಇಟ್ಟು, ಮೇಡಮ್ಮಿಗೆ ಯಾವುದು ಒಪ್ಪುತ್ತೆ ಎಂದು ಕೇಳಿದಳು. ಮೇಡಮ್ಮಿಗಲ್ಲ ಎಂದೆ. ಆಕೆ ನನ್ನ ಕೈಯನ್ನೊಮ್ಮೆ ನೋಡಿ ಶೀಶೆಯ ಮುಚ್ಚಳ ತೆಗೆದಳು. ಒಣಗಿದ ಮೇಲೆ ಬಣ್ಣ ಹೇಗೆ ಕಾಣುತ್ತದೆಂದು ತಿಳಿಯಲು ನನ್ನ ಬಲಗೈಯ ಉಗುರುಗಳಿಗೇ ಒಂದೊಂದು ಬಣ್ಣ ಹಚ್ಚಿಸಿಕೊಂಡೆ. ಒಂದನ್ನು ಆರಿಸಿ ತಂದೆ. ಉಗುರಿನ ವಿಷಯ ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಅದೇ ಕೈಯಲ್ಲಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚೂ ಸೇರಿದಂತೆ ಇಡೀ ತರಗತಿ ಕಣ್ಣು ಮಿಟುಕಿಸದೆ ನನ್ನ ಕೈಯನ್ನೇ ನೋಡುತ್ತಿತ್ತು. ನನ್ನ ಸರ್ವಿಸಿನಲ್ಲಿ ತರ್ಕಶಾಸ್ತ್ರಕ್ಕೆ ಅಷ್ಟು ಗೌರವ ಸಿಕ್ಕಿದ್ದು ಅದೊಂದೇ ದಿನ.

ಸೀಟಿ

ಇಂಜಿನ್ನಿನ ಸೀಟಿ ಜೀರಿಗೆ ಕಾಳಿನಷ್ಟಿತ್ತು. ಚಿಮಟದಿಂದ ಚಿಮ್ಮಿ ಎಲ್ಲೋ ಹೋಯಿತು. ಭಾವಮೈದ ಫ್ಯಾನ್ ಆರಿಸಿ, ಯಾರೂ ಕಾಲು ಎತ್ತಬೇಡಿ ಎಂದ. ಅತ್ತೆ, ನನ್ನ ಹೆಂಡತಿ, ಅವನು ನೆಲಕ್ಕೆ ಮಂಡಿಯೂರಿದರು. ಇದೊಂದು ರೋಗ ಎಂದು ಭಾಷಣ ಶುರು ಮಾಡಿದ್ದ ನಾನು, ಯಾವಾಗ ಮಂಡಿಯೂರಿದೆನೋ ತಿಳಿಯದು. ಮಾವ ಮಾತ್ರ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು.

ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದರು. ನಮ್ಮನ್ನು ನೋಡಿ, ಮೂಗುಬೊಟ್ಟು ಕಳೆದಿರಬೇಕೆಂದು ಎಣಿಸಿ, ಪಂಚೆ ಎತ್ತಿ ಕಟ್ಟಿ ಅವರೂ ನೆಲಕ್ಕಿಳಿದರು. ಕೊನೆಗೆ ಚಾಪೆಯ ಅಂಚಿನಲ್ಲಿ ಸಿಕ್ಕಿದ್ದು ಅವರಿಗೇ. ಅಂಗೈಯಲ್ಲಿ ಹೊರಳಿಸಿ ನೋಡಿದರು. ಪ್ಲಾಸ್ಟಿಕ್ ಎಂದು ಗೊತ್ತಾದ ಮೇಲೆ ಮಂಡಿ ಒರೆಸಿಕೊಂಡು ಹೇಳಿದರು:

"ಬಂಗಾರದ್ದಾಗಿದ್ರೆ ನೀವು ಇಷ್ಟು ಹುಡುಕ್ತಿರಲಿಲ್ಲ ಬಿಡಿ."

ಗೇಟು

ಬಣ್ಣವೆಲ್ಲ ಮುಗಿದ ಮೇಲೆ ಇಂಜಿನ್ನಿಗೆ ತುಕ್ಕು ಹಿಡಿಸಬೇಕು ಎಂದ ಭಾವಮೈದ. ಅಪ್ಪನ ಇಂಜಿನ್ನನ್ನು ಅವನು ಕೊನೆಗೆ ನೋಡಿದ್ದು ತುಕ್ಕಿನಲ್ಲಂತೆ. ಸುಳ್ಳು ಇಂಜಿನ್ ಮಾಡಲು ಮನಸ್ಸಿಲ್ಲವಂತೆ. ಕಾರ್ಖಾನೆಯಲ್ಲಿ ಇವನ ಕೆಲಸವೇ ತುಕ್ಕು ಕೆರೆಯುವುದು. ಹಗಲೆಲ್ಲ ಕೆರೆದು ಸಂಜೆ ಬಳಿಯುವವನಿಗೆ ಏನು ಹೇಳುವುದು? ಯಾವ ಬಣ್ಣವೂ ಸರಿಬರಲಿಲ್ಲ. ಒಂದು ದಿನ ಕೆರೆದ ತುಕ್ಕನ್ನೇ ಪೊಟ್ಟಣ ಕಟ್ಟಿ ಚೀಲದಲ್ಲಿಟ್ಟುಕೊಂಡು ಹೊರಟ.

ಗೇಟಿನಲ್ಲಿ ತಮಿಳು ಮನೆಮಾತಿನ ಸೆಕ್ಯೂರಿಟಿಯವನು ಪೊಟ್ಟಣ ಬಿಚ್ಚಿದ. ನಶ್ಯವೆಂದು ಒಂದು ಚಿಟಿಕೆ ಏರಿಸಿಯೂ ಬಿಟ್ಟ. ಸೀನು ನಿಂತ ಮೇಲೆ, "ಎಲ್ಲಾರೂ ಕಬ್ಬಿಣ ಎತ್ಕೊಂಡ್ ಹೋಗ್ತಾರೆ ಸಾಮಿ, ನೀನು ತುಕ್ಕಾ?" ಎಂದು ಸಾಹೇಬರ ಬಳಿ ಕರೆದೊಯ್ದ.

ಕಾರ್ಖಾನೆಯ ಯಾವ ವಸ್ತುವೂ ಹೊರಗೆ ಹೋಗಕೂಡದು ಎಂಬುದು ನಿಯಮ. ತುಕ್ಕು ವಸ್ತುವೋ ಅಲ್ಲವೋ ಎಂದು ಸಾಹೇಬರು ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು.

"ತಗೊಂಡ್ ಹೋಗಿ, ದಿನಾ ಬೇಕಾದ್ರೂ ತಗೊಂಡ್ ಹೋಗಿ. ಆದ್ರೆ ಮನೇಲಿ ಅದೇನಾದ್ರೂ ಕಬ್ಬಿಣ ಆಗ್ಬಿಟ್ರೆ ವಾಪಸ್ ತಂದುಕೊಡಬೇಕು."

ಪೂಜೆ

ಆಯುಧಪೂಜೆಯ ದಿನ ಭಾವಮೈದ ಸ್ಕೂಟರಿನ ಪಕ್ಕ ಒಂದು ಮಣೆಯ ಮೇಲೆ ಇಂಜಿನ್ ಇಟ್ಟು, ಮುಚ್ಚಿದ್ದ ಬಟ್ಟೆ ತೆಗೆದ.

ನಾನು ಸುಲಭವಾಗಿ ಬೆರಗಾಗುವವನಲ್ಲ. ಮೊಳದುದ್ದವೂ ಇಲ್ಲದ ಆ ವಸ್ತುವಿನಲ್ಲಿ ಒಂದೊಂದು ರಿವೆಟ್ಟೂ ಇತ್ತು. ನಲ್ಲಿಯ ಕೆಳಗೆ ನೀರು ಸೋರಿ ಸೋರಿ ಆದ ಕಲೆ ಇತ್ತು. ತಗಡು ತಿಂದುಹೋದಂತೆ ಅಂಚಿನಲ್ಲೆಲ್ಲ ತುಕ್ಕು. ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಎಲ್ಲಿ ಗೀರಿ ಟಿಟಿ ಇಂಜೆಕ್ಷನ್ ತೆಗೆದುಕೊಳ್ಳಬೇಕಾಗುತ್ತದೋ ಎಂಬ ಭಯ.

ಚಕ್ರದ ಕೆಳಗಿಡಲು ಅತ್ತೆ ನಿಂಬೆಹಣ್ಣು ತಂದರು. ಹಣ್ಣು ಚಕ್ರಕ್ಕಿಂತ ದೊಡ್ಡದು. ಹಿತ್ತಲಿಗೆ ಹೋಗಿ ಸುಂಡೆಕಾಯಿ ಕಿತ್ತು ತಂದು, ಪುಟ್ಟದೊಂದನ್ನು ಆರಿಸಿ ಇಟ್ಟರು. ಆಮೇಲೆ ಎಲ್ಲರೂ ಮಾವನ ಕುರ್ಚಿಯ ಕಡೆ ನೋಡಿದೆವು.

ಮಾವ ಪೇಪರ್ ಕೆಳಗಿಟ್ಟರು. ಎದ್ದು ಬಂದರು. ಬಗ್ಗಿ ಒಂದು ಸುತ್ತು ನೋಡಿದರು.

"ಯಾರು ಮಾರಾಯ ಇದನ್ನ ಈ ಗತಿಗೆ ತಂದಿದ್ದು?"

ಅವರು ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ, ಹತ್ತಿ ತಂದರು. ನೆಲಕ್ಕೆ ಕೂತು ಇಂಜಿನ್ನನ್ನು ಮಡಿಲಿಗೆ ತೆಗೆದುಕೊಂಡು, ಚಿಮಣಿಯಿಂದ ಶುರುಮಾಡಿ ತುಕ್ಕು ಒರೆಸತೊಡಗಿದರು. ಮಗ ಸಂಜೆಗಟ್ಟಲೆ ಕೂತು ಹಿಡಿಸಿದ್ದ ತುಕ್ಕೆಲ್ಲ ಹತ್ತಿಗೆ ಬರುತ್ತಿತ್ತು. ತಡೆಯಬೇಕೆಂದು ಭಾವಮೈದನಿಗೆ ಅನ್ನಿಸಿದಂತಿರಲಿಲ್ಲ. ಮಾವ ಒರೆಸಿ ಮುಗಿಸಿ, ಮಿರುಗುವ ಇಂಜಿನ್ನನ್ನು ಮಣೆಯ ಮೇಲಿಟ್ಟು, ಅದರ ಹಣೆಗೆ ವಿಭೂತಿ ಹಚ್ಚಿ, ಪೂಜೆಗೆ ಕೂತರು.

ನನ್ನ ವಿದ್ಯೆ ಸುಮ್ಮನಿರಲು ಬಿಡಲಿಲ್ಲ. "ಅಲ್ಲ ಮಾವ, ಅದು ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯಲ್ಲ" ಎಂದೆ.

ಮಾವ ಕೆಂಪಗಾದ ಹತ್ತಿಯನ್ನು ನನ್ನ ಕೈಗೆ ಕೊಟ್ಟು, ಮಗಳನ್ನು ಎಂಥವನಿಗೆ ಕೊಟ್ಟೆನಪ್ಪಾ ಎಂಬಂತೆ ನೋಡಿದರು.

"ಹಿಡಿದಿತ್ತಲ್ಲ, ಕಾಣಲಿಲ್ವಾ?"