ಮಸ್ಟ್, ಶುಡ್, ಹ್ಯಾವ್ ಟು ಪದಗಳ ಹಂಚಿಕೆ ಹಾಗೂ ದಬ್ಬಣದಕ್ಕನವರ ರಜೆಯ ಕುರಿತು

ಇಲಾಖಾ ಕಚೇರಿ, ಎರಡನೇ ಮಹಡಿ
ಸಂಖ್ಯೆ: ಇಕ/ಬೇಕು/ಲೇಬೇಕು/14
ದಿನಾಂಕ: ಶುಕ್ರವಾರ, ಊಟದ ಬಿಡುವಿಗೆ ಮುಂಚೆ

ಸುತ್ತೋಲೆ

ವಿಷಯ: ಒತ್ತಾಯ ಮತ್ತು ಅಗತ್ಯವನ್ನು ಸೂಚಿಸುವ ಇಂಗ್ಲಿಷ್ ಕ್ರಿಯಾಪದಗಳನ್ನು ಕಚೇರಿಯಲ್ಲಿ ಯಾರು, ಯಾರ ಮೇಲೆ, ದಿನಕ್ಕೆ ಎಷ್ಟು ಸಲ ಬಳಸಬಹುದೆಂಬ ಬಗ್ಗೆ, ಹಾಗೂ ಅದರಿಂದ ಆದ ಫಜೀತಿಯ ಬಗ್ಗೆ.

ಉಲ್ಲೇಖ:
(1) ಇದೇ ಕಚೇರಿಯ ಸುತ್ತೋಲೆ ಸಂಖ್ಯೆ 13.
(2) ಕಡತ ಹೊಲಿಯುವ ದಬ್ಬಣದಕ್ಕನವರ ರಜೆ ಅರ್ಜಿಗಳು, ಒಟ್ಟು ಮೂರು.
(3) ಅವರ ಮಗಳ ಪತ್ರ.
(4) ನಿನ್ನೆ ಮಧ್ಯಾಹ್ನದ ದೂರವಾಣಿ ಕರೆ.

ಪೀಠಿಕೆ: ಸಿಬ್ಬಂದಿಗೆ ಮೂರು ದಿನಗಳ ಇಂಗ್ಲಿಷ್ ತರಬೇತಿ ನೀಡಲಾಗಿದ್ದು ಸರಿಯಷ್ಟೆ. ಹೇಳುವವರ ಮನಸ್ಸಿನಿಂದಲೇ ಹೊರಡುವ ಒತ್ತಾಯಕ್ಕೆ ಮಸ್ಟ್, ಹೊರಗಿನವರು ಹೇರಿದ ಒತ್ತಾಯಕ್ಕೆ ಹ್ಯಾವ್ ಟು, ಬುದ್ಧಿವಾದಕ್ಕೆ ಶುಡ್ ಎಂದು ತರಬೇತಿಯ ಮೇಷ್ಟರು ತಿಳಿಸಿದ್ದರು. ದಿನನಿತ್ಯದ ಮಾತಿನಲ್ಲಿ ಇಷ್ಟು ಕಟ್ಟುನಿಟ್ಟೇನೂ ಇರುವುದಿಲ್ಲ ಎಂದೂ ಅವರು ಸೇರಿಸಿದ್ದರು. ಆ ಹೊತ್ತಿಗೆ ಚಹಾ ಬಂದದ್ದರಿಂದ ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ತರಬೇತಿಯ ಮರುದಿನವೇ ಉಲ್ಲೇಖ (1)ರ ಮೂಲಕ ಈ ಪದಗಳನ್ನು ಹುದ್ದೆವಾರು ಹಂಚಲಾಯಿತು. ಆ ನಿಯಮಗಳನ್ನು ದಾಖಲೆಗಾಗಿ ಮತ್ತೊಮ್ಮೆ ಕೆಳಗೆ ನಮೂದಿಸಲಾಗಿದೆ.

1. ಮಸ್ಟ್ ಪದವನ್ನು ಮುಖ್ಯಾಧಿಕಾರಿಗಳು ಮಾತ್ರ, ದಿನಕ್ಕೆ ನಾಲ್ಕು ಸಲ ಮೀರದಂತೆ, ಕೆಳಮುಖವಾಗಿ ಬಳಸತಕ್ಕದ್ದು. ಉಳಿದದ್ದನ್ನು ನಾಳೆಗೆ ಎತ್ತಿಡುವಂತಿಲ್ಲ. ಮೆಟ್ಟಿಲ ಮೇಲೆ ಎರಡು ಹಂತ ಎತ್ತರದಲ್ಲಿ ನಿಂತ ಮಾತ್ರಕ್ಕೆ ಗುಮಾಸ್ತರು ಮೇಲಧಿಕಾರಿಯಾಗುವುದಿಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

2. ಶುಡ್ ಪದವು ಮೇಲ್ವಿಚಾರಕರಿಗೆ ಸೇರಿದ್ದು. ಇದು ಬುದ್ಧಿವಾದವಾದ್ದರಿಂದ ಕೇಳಿದವರು ತಲೆಯಾಡಿಸತಕ್ಕದ್ದು. ತಲೆಯಾಡಿಸಿದ ಕೂಡಲೇ ಕ್ರಮ ಪೂರ್ಣಗೊಂಡಿದೆ ಎಂದು ಭಾವಿಸತಕ್ಕದ್ದು. ಕೆಳಮಹಡಿಯ ನಲ್ಲಿಯನ್ನು ಯಾರಾದರೂ ಸರಿಮಾಡಿಸಬೇಕು ಎಂದು ಶುಡ್ ಬಳಸಿ ಹೇಳಿದಾಗ ಹನ್ನೊಂದು ಮಂದಿ ತಲೆಯಾಡಿಸಿರುತ್ತಾರೆ. ನಲ್ಲಿ ಸೋರುತ್ತಿದೆ. ಅದರ ಕೆಳಗಿನ ಬಕೆಟ್ಟಿಗೆ ಆಸ್ತಿ ಸಂಖ್ಯೆ ನೀಡಲಾಗಿದೆ.

3. ಹ್ಯಾವ್ ಟು ಪದವು ಕೌಂಟರಿನ ಗುಮಾಸ್ತರದ್ದು. 'ನಾಳೆ ಬರಬೇಕಾಗುತ್ತೆ' ಎಂದು ಸಾರ್ವಜನಿಕರಿಗೆ ಹೇಳುವಾಗ, ಒತ್ತಾಯ ತಮ್ಮದಲ್ಲವೆಂದು ತೋರಿಸಲು ಬೆರಳನ್ನು ಮೇಲಕ್ಕೆ ಎತ್ತತಕ್ಕದ್ದು. ಕೆಳಮಹಡಿಯವರ ಬೆರಳು ಮೊದಲನೇ ಮಹಡಿಯನ್ನೂ, ಮೊದಲನೆಯವರದು ಎರಡನೆಯದನ್ನೂ ತೋರಿಸತಕ್ಕದ್ದು. ಎರಡನೇ ಮಹಡಿಯವರು ಫ್ಯಾನನ್ನು ತೋರಿಸುತ್ತಿರುವುದು ಗಮನಕ್ಕೆ ಬಂದಿದ್ದು, ಫ್ಯಾನಿನಿಂದ ಈವರೆಗೆ ಆಕ್ಷೇಪಣೆ ಬಂದಿರುವುದಿಲ್ಲ.

4. ಹ್ಯಾಡ್ ಬೆಟರ್ ಎಂಬುದರಲ್ಲಿ ಸಣ್ಣ ಬೆದರಿಕೆ ಅಡಗಿರುವುದರಿಂದ ಅದನ್ನು ಕಾವಲುಗಾರರು ದಾಖಲೆ ಕೋಣೆಯ ಬೆಕ್ಕಿನ ಮೇಲೆ ಮಾತ್ರ ಪ್ರಯೋಗಿಸತಕ್ಕದ್ದು. ಬೆಕ್ಕು ಕ್ಯಾರೇ ಅನ್ನುತ್ತಿಲ್ಲವೆಂದು ವರದಿಯಾಗಿದೆ.

5. ಮೇಲಿನ ನಿಯಮಗಳು ಜಾರಿಯಲ್ಲಿರುವಾಗ ದಬ್ಬಣದಕ್ಕನವರ ಪ್ರಕರಣ ಉದ್ಭವಿಸಿತು. ಸದರಿಯವರು ಇಪ್ಪತ್ತಾರು ವರ್ಷಗಳಿಂದ ಕೆಳಮಹಡಿಯ ಕಿಟಕಿಯ ಪಕ್ಕ ಕುಳಿತು ಕಚೇರಿಯ ಅಷ್ಟೂ ಕಡತಗಳನ್ನು ದಬ್ಬಣ ಮತ್ತು ಬಿಳಿ ದಾರದಿಂದ ಹೊಲಿಯುತ್ತಿರುವವರು. ಆರು ಗಂಟೆ ಬಸ್ಸಿನ ದಾರಿಯ ಊರಿನಲ್ಲಿ ಅವರ ಮಗಳಿಗೆ ಚೊಚ್ಚಲ ಹೆರಿಗೆ ಹತ್ತಿರವಾಗಿತ್ತು. ಅಳಿಯ ಹಡಗಿನ ಕೆಲಸದಲ್ಲಿ ಸಮುದ್ರದ ಮೇಲಿದ್ದು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕನವರು ರಜೆ ಕೇಳಿದರು.

(ಅ) ಕಚೇರಿಯ ಟೈಪಿಸ್ಟ್ ತಂಗಿ ಬರೆದುಕೊಟ್ಟ ಮೊದಲ ಅರ್ಜಿಯಲ್ಲಿ 'ಐ ಮಸ್ಟ್ ಗೋ' ಎಂದಿತ್ತು. ಕೆಳಗಿನವರು ಮೇಲಿನವರಿಗೆ ಮಸ್ಟ್ ಬರೆದಿರುವುದರಿಂದ ವಾಪಸು ಕಳಿಸಲಾಯಿತು.

(ಆ) ಎರಡನೆಯದರಲ್ಲಿ 'ಐ ಶುಡ್ ಗೋ' ಎಂದಿತ್ತು. ಮೇಲ್ವಿಚಾರಕರು ಓದಿ ತಲೆಯಾಡಿಸಿದರು. ನಿಯಮ 2ರಂತೆ ಕ್ರಮ ಪೂರ್ಣಗೊಂಡಿತು. ಒಂಬತ್ತು ದಿನ ಹೋಯಿತು.

(ಇ) ಮೂರನೆಯದರಲ್ಲಿ 'ಐ ಹ್ಯಾವ್ ಟು ಗೋ' ಎಂದಿತ್ತು. ಹಾಗಾದರೆ ಒತ್ತಾಯಿಸಿದವರು ಯಾರು, ಅವರಿಂದ ಲಿಖಿತ ದೃಢೀಕರಣ ಬೇಕೆಂದು ಕಚೇರಿಯಿಂದಲೇ ಮಗಳಿಗೆ ನೇರವಾಗಿ ಪತ್ರ ಬರೆಯಲಾಯಿತು. ಉತ್ತರವೂ ಕಚೇರಿಯ ವಿಳಾಸಕ್ಕೇ ಬಂತು. ಅದು ಹೀಗಿತ್ತು: 'ಅಮ್ಮಾ, ನಾನು ಚೆನ್ನಾಗಿದೀನಿ. ನಿಮ್ಮ ಆಫೀಸಿನವ್ರು ಏನೇನೋ ಕೇಳಿದಾರೆ. ನಿನಗೆ ತೊಂದ್ರೆ ಆಗೋದಾದ್ರೆ ಬರಲೇಬೇಕು ಅಂತೇನಿಲ್ಲ. ಪಕ್ಕದ ಮನೆಯವ್ರಿದಾರೆ. ನಿನ್ನ ಹಳೇ ಶಾಲು ಒಂದು ಪೋಸ್ಟಲ್ಲಿ ಕಳಿಸು, ಸಾಕು.'

(ಈ) ಸದರಿ ಪತ್ರವನ್ನು ಮೂವರು ಅಧಿಕಾರಿಗಳು ಕೂಲಂಕಷವಾಗಿ ಪರಿಶೀಲಿಸಿ, ಒತ್ತಾಯಿಸಬೇಕಾದವರೇ ಒತ್ತಾಯವಿಲ್ಲವೆಂದು ಬರೆದುಕೊಟ್ಟಿರುವುದರಿಂದ ಅರ್ಜಿಯನ್ನು ತಿರಸ್ಕರಿಸಿದರು. ಶಾಲನ್ನು ಕಚೇರಿಯ ಟಪಾಲಿನಲ್ಲಿ ಕಳಿಸಲು ಅಡ್ಡಿಯಿಲ್ಲವೆಂದು ಷರಾ ಬರೆದರು.

(ಉ) ತಿರಸ್ಕಾರದ ಆದೇಶದೊಂದಿಗೆ ಪತ್ರವನ್ನು ಅಕ್ಕನವರಿಗೆ ಬುಧವಾರ ಬೆಳಿಗ್ಗೆ 11.10ಕ್ಕೆ ನೀಡಲಾಯಿತು. ಅವರು ಆದೇಶವನ್ನು ಓದಲಿಲ್ಲ. ಪತ್ರವನ್ನು ನಿಂತೇ ಓದಿದರು. 'ಬರಲೇಬೇಕು ಅಂತೇನಿಲ್ಲ ಅಂದ್ಲಾ? ಹಾಗಾದ್ರೆ ಈಗಲೇ ಹೊರಡ್ಬೇಕು' ಎಂದು ದಬ್ಬಣವನ್ನು ಅರ್ಧ ಹೊಲಿದ ಕಡತದಲ್ಲೇ ಚುಚ್ಚಿಟ್ಟು ಎದ್ದರು. ಯಾವ ಪದದ ಅಡಿಯಲ್ಲಿ ಹೋಗುತ್ತಿದ್ದೀರಿ ಎಂದು ಮೇಲ್ವಿಚಾರಕರು ಬಾಗಿಲವರೆಗೂ ಹಿಂದೆ ಹೋಗಿ ವಿಚಾರಿಸಲಾಗಿ, 'ಬಸ್ಸು ಹನ್ನೆರಡಕ್ಕೆ ಸಾರ್' ಎಂಬ ಉತ್ತರ ದೊರೆತಿದೆ.

6. ತರುವಾಯ, ಸದರಿಯವರು ಯಾವ ಕ್ರಿಯಾಪದದಡಿ ಹೋದರೆಂದು ನಿರ್ಧರಿಸಲು ಸಮಿತಿ ರಚಿಸಲಾಯಿತು. ಸಮಿತಿಯು ಎರಡು ಸಲ ಸೇರಿ, ಅವರು ತಮ್ಮ ಕಾಲಿನ ಮೇಲೆ ಹೋದರೆಂದು ವರದಿ ನೀಡಿದೆ.

7. ಅಷ್ಟರಲ್ಲಿ, ಹೊಲಿಯುವವರಿಲ್ಲದೆ, ಫ್ಯಾನು ಹಾಕಿದ ಕೂಡಲೇ ಕಡತಗಳು ಹಾಳೆ ಹಾಳೆಯಾಗಿ ಹಾರಾಡತೊಡಗಿದವು. ಮನೆ ನಕ್ಷೆ ಕೇಳಲು ಬಂದ ದರ್ಜಿಯೊಬ್ಬರಿಗೆ ಕೋಳಿ ಸಾಕಣೆಯ ಪರವಾನಗಿ ಸಿಕ್ಕಿದ್ದು, ಅವರು ಅದನ್ನು ಹಿಂದಿರುಗಿಸಲು ಒಪ್ಪುತ್ತಿಲ್ಲ. ಕೆಳಗೆ ಸಹಿ ಮಾಡಿರುವವರು ತಾವೇ ದಬ್ಬಣ ಹಿಡಿದು ಒಂದು ಕಡತವನ್ನು ಹೊಲಿದರು. ಅಂಗಿಯ ತೋಳೂ ಅದರೊಳಗೆ ಸೇರಿದ್ದರಿಂದ, ಕಡತವನ್ನು ಮುಂದಿನ ಮೇಜಿಗೆ ರವಾನಿಸುವಾಗ ಅವರೂ ಲಗತ್ತಾಗಿ ಹೋಗಬೇಕಾಯಿತು.

8. ನಿನ್ನೆ ಮಧ್ಯಾಹ್ನ 2.40ಕ್ಕೆ ಅಕ್ಕನವರಿಂದ ದೂರವಾಣಿ ಕರೆ ಬಂತು. ಹದಿನೇಳು ಮಂದಿ ಸಿಬ್ಬಂದಿ ತಮ್ಮ ಸ್ಥಾನ ಬಿಟ್ಟು ಉಪಕರಣದ ಸುತ್ತ ನೆರೆದಿದ್ದರು; ಈ ಬಗ್ಗೆ ವಿವರಣೆ ಕೇಳಲಾಗುವುದಿಲ್ಲ. ಸಂಭಾಷಣೆಯನ್ನು ಟೈಪಿಸ್ಟ್ ತಂಗಿ ಬರೆದುಕೊಂಡಂತೆ ಇಲ್ಲಿ ಕೊಡಲಾಗಿದೆ: 'ಹೆಣ್ಣು ಮಗು. ಇಬ್ಬರೂ ಚೆನ್ನಾಗಿದಾರೆ. ನಾನು ಹೋದಾಗ ಅವಳು ಹೊಟ್ಟೆ ಹಿಡ್ಕೊಂಡು ಬಾಗಿಲಲ್ಲೇ ಕೂತಿದ್ಲು. ಪಕ್ಕದ ಮನೆಗೆ ಬೀಗ, ಅವ್ರು ಊರಲ್ಲೇ ಇರಲಿಲ್ಲ. ನಾನು ಬರ್ತೀನಿ ಅಂತ ಗೊತ್ತಿತ್ತಂತೆ, ಅದಕ್ಕೇ ಬಾಗಿಲು ತೆಗೆದಿಟ್ಟಿದ್ಲು.' ಕೆಲಸಕ್ಕೆ ಹಿಂದಿರುಗುವ ದಿನಾಂಕ ಕೇಳಲಾಗಿ, 'ಮಗು ಕತ್ತು ನಿಲ್ಲಿಸಲಿ ಸಾರ್' ಎಂದು ತಿಳಿಸಿರುತ್ತಾರೆ.

9. ಬಾಗಿಲಲ್ಲಿ ಒಬ್ಬಳೇ ಕೂತಿದ್ದ ಹೆಣ್ಣುಮಗಳ ವಿಷಯ ತಿಳಿದ ಮೇಲೆ, ಮೂರು ಅರ್ಜಿಗಳಲ್ಲಿ ಒಂದಕ್ಕೂ ರಜೆ ಕೊಡದಿದ್ದಕ್ಕೆ ಇಲಾಖೆಗೆ ನಾಚಿಕೆಯಾಗಿದೆ ಎಂದು ಈ ಮೂಲಕ ದಾಖಲಿಸಲಾಗಿದೆ.

10. ಆದ್ದರಿಂದ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಸುತ್ತೋಲೆ 13ನ್ನು ರದ್ದುಪಡಿಸಲಾಗಿದೆ. ಸಿಬ್ಬಂದಿ ಎಲ್ಲ ಕ್ರಿಯಾಪದಗಳನ್ನು ಹಿಂದಿನಂತೆ ಬಾಯಿಗೆ ಬಂದ ಹಾಗೆ ಬಳಸತಕ್ಕದ್ದು.

(ಆ) ದಬ್ಬಣದಕ್ಕನವರಿಗೆ, ಅವರು ಎದ್ದು ಹೋದ ಕ್ಷಣದಿಂದ ಪೂರ್ವಾನ್ವಯವಾಗುವಂತೆ, ಮಗುವಿನ ಕತ್ತು ನಿಲ್ಲುವವರೆಗೆ ರಜೆ ಮಂಜೂರು ಮಾಡಲಾಗಿದೆ. ಕತ್ತು ನಿಂತಿದೆಯೇ ಇಲ್ಲವೇ ಎಂಬುದಕ್ಕೆ ಅಜ್ಜಿಯ ಮಾತೇ ಅಂತಿಮ.

(ಇ) ಅರ್ಜಿ ತಿರಸ್ಕರಿಸಿದ ಮೂವರೂ, ಸಹಿ ಮಾಡಿರುವವರು ಸೇರಿದಂತೆ, ಅಲ್ಲಿಯವರೆಗೆ ದಿನಕ್ಕೆ ಹತ್ತು ಕಡತ ಹೊಲಿಯತಕ್ಕದ್ದು. ಅರ್ಧ ತೋಳಿನ ಅಂಗಿ ಧರಿಸತಕ್ಕದ್ದು.

ಸಹಿ/-
ಮುಖ್ಯಾಧಿಕಾರಿ
(ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿರುವುದರಿಂದ ಎಡಗೈಯಲ್ಲಿ ಸಹಿ ಮಾಡಲಾಗಿದೆ)

ಪ್ರತಿಗಳು:
1. ಎಲ್ಲ ವಿಭಾಗಗಳ ಮುಖ್ಯಸ್ಥರಿಗೆ, ಸೂಕ್ತ ಕ್ರಮಕ್ಕಾಗಿ.
2. ತರಬೇತಿಯ ಮೇಷ್ಟರಿಗೆ, ಮುಂದಿನ ಸಲ ಮುಖ್ಯವಾದದ್ದನ್ನು ಚಹಾಕ್ಕೆ ಮೊದಲೇ ಹೇಳುವಂತೆ ಕೋರಿಕೆಯೊಂದಿಗೆ.
3. ಕೋಳಿ ಪರವಾನಗಿ ಪಡೆದ ದರ್ಜಿಯವರಿಗೆ, ಶುಭ ಹಾರೈಕೆಗಳೊಂದಿಗೆ.
4. ದಬ್ಬಣದಕ್ಕನವರ ಮಗಳಿಗೆ, ಬೇಕಾದದ್ದನ್ನು ಇನ್ನು ಮುಂದೆ ಬೇಕು ಎಂದೇ ಬರೆಯುವಂತೆ ಕೋರಿಕೆಯೊಂದಿಗೆ. ಇಲಾಖೆಯಲ್ಲಿ ತಾಯಂದಿರಂತೆ ಓದಬಲ್ಲವರು ಸದ್ಯ ಯಾರೂ ಇರುವುದಿಲ್ಲ.
5. ಮಗುವಿಗೆ, ಮಾಹಿತಿಗಾಗಿ ಮಾತ್ರ. ಸದ್ಯಕ್ಕೆ ಏನನ್ನೂ ಮಾಡಬೇಕಾಗಿರುವುದಿಲ್ಲ.