ಮಿದುಳಿನ ಓದಿಗೆ ಹಲ್ಲು ಎಣಿಸಿದ ನಮ್ಮ ಮಾವ

ನಮ್ಮ ಸೋದರಮಾವನ ಮುಂದೆ ಸಾಕ್ಷಾತ್ ದೇವರೇ ಪ್ರತ್ಯಕ್ಷನಾಗಿ ‘ಏನು ವರ ಬೇಕು ಕೇಳು’ ಎಂದಿದ್ದರೂ, ಮಾವ ಮೊದಲು ಅವನ ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದ. ಆಮೇಲೆ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದ. ಭಕ್ತಿಗಲ್ಲ, ಹಿಂಗಾಲು ನೋಡಲಿಕ್ಕೆ!

ಮಾವನದು ಕುರುಗೋಡು. ಎತ್ತಿನ ದಲ್ಲಾಳಿ. ಸಿರುಗುಪ್ಪದ ಸಂತೆಯಲ್ಲಿ ಅವನು ಹೂಂ ಅನ್ನದೆ ಒಂದು ಜೋಡಿಯೂ ಕೈ ಬದಲಾಗುತ್ತಿರಲಿಲ್ಲ. ಈ ಕಸುಬು ಅವನ ಮೈಗೆ ಎಷ್ಟು ಹತ್ತಿತ್ತೆಂದರೆ ಕುಕ್ಕರ್ ಕೊಳ್ಳುವಾಗಲೂ ಬೆನ್ನು ತಟ್ಟಿ ನೋಡುತ್ತಿದ್ದ. ಒಮ್ಮೆ ಅತ್ತೆ ಚುಚ್ಚಿದರು: “ಎಲ್ಲಾದಕ್ಕೂ ಹಲ್ಲು ನೋಡ್ತೀರಲ್ಲ, ನನ್ನ ತರೋವಾಗ ಏನು ನೋಡಿದ್ರಿ?”

“ನೋಡಬೇಕಂತಿದ್ದೆ. ನಿಮ್ಮಪ್ಪ ಬಾಯಿ ತೆರಸಾಕ ಬಿಡಲಿಲ್ಲ.”

ಇಂಥ ಮಾವ ಒಂದು ಬೆಳಿಗ್ಗೆ ಬಳ್ಳಾರಿಯ ನನ್ನ ಬಟ್ಟೆ ಅಂಗಡಿಗೆ ಬಂದು, ಒಂದು ಕಾಗದವನ್ನು ಗಲ್ಲೆಯ ಮೇಲೆ ಇಟ್ಟ. ಅವನ ಒಬ್ಬಳೇ ಮಗಳು ಬಳ್ಳಾರಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಬೆಂಗಳೂರಿನ ಒಂದು ಸಂಸ್ಥೆಯವರು ಅವಳಿಗೆ ನರವಿಜ್ಞಾನ ಓದಲು ಸೀಟು ಕೊಟ್ಟಿದ್ದರು. ಹದಿನೈದು ದಿನದೊಳಗೆ ತಂದೆ ಬಂದು ಸಹಿ ಹಾಕಬೇಕು. ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ.

“ಅಳಿಯಾ, ನೀನು ವ್ಯಾಪಾರಸ್ಥ. ಇದು ಕೊಳ್ಳೋ ಮಾಲೋ ಬಿಡೋ ಮಾಲೋ ನೋಡಿ ಹೇಳು.”

ಸಲಹೆ ಕೇಳಿದರೆ ನಾನು ಬಿಡುವವನೇ? ಸೈಕಲ್ಲಿನ ಮೇಲೆ ಸೀರೆಗಂಟು ಹೇರಿಕೊಂಡು ಊರೂರು ತಿರುಗಿ ಅಂಗಡಿ ಮಾಡಿದವನು ನಾನು. ನೀವೂ ಬರೆದಿಟ್ಟುಕೊಳ್ಳಿ: ಓದು ಯಾವುದೇ ಇರಲಿ, ಅದರ ಹೆಸರು ಹೇಳಿದ ಕೂಡಲೇ ಎದುರಿನವನಿಗೆ ನೌಕರಿ ಯಾವುದೆಂದು ಹೊಳೆಯಬೇಕು. ಬಿ.ಎಡ್. ಅಂದರೆ ಮಾಸ್ತರು. ಎಲ್.ಎಲ್.ಬಿ. ಅಂದರೆ ವಕೀಲ. ನರವಿಜ್ಞಾನ ಅಂದರೆ? ನಾನು ರಟ್ಟಿನ ಮೇಲೆ ಲೆಕ್ಕ ಹಾಕಿದೆ. ಬಿ.ಎಡ್. ಒಂದೇ ವರ್ಷ, ಮನೆ ಬಾಗಿಲಲ್ಲಿ ನೌಕರಿ, ಪಿಂಚಣಿ. ಇದಕ್ಕೆ ಎರಡು ವರ್ಷ ಎಂ.ಎಸ್ಸಿ., ಅದರ ಮೇಲೆ ಐದಾರು ವರ್ಷ ಸಂಶೋಧನೆ, ಹಾಸ್ಟೆಲ್ಲು, ಪುಸ್ತಕ, ಗುಂತಕಲ್ಲಿನಲ್ಲಿ ಬದಲಿಸುವ ಗಾಡಿಯ ಚಾರ್ಜು. ಕೊನೆಗೆ ಏನು? ರಟ್ಟಿನ ಆ ಜಾಗ ಖಾಲಿಯೇ ಉಳಿಯಿತು.

“ಬ್ಯಾಡ ಮಾವ. ಬಿ.ಎಡ್. ಮಾಡಸು.”

ಮಾವನ ಜೊತೆ ಬಂದಿದ್ದ ಮಗಳು ಅಲ್ಲೇ ಬಟ್ಟೆಯ ಥಾನುಗಳ ಪಕ್ಕ ಕೂತಿದ್ದಳು. ಮಾವ ಅವಳ ಕಡೆ ತಿರುಗಿದ. “ಡಾಕ್ಟರಾದ್ರೂ ಆಗತೀಯೇನವ್ವಾ?”

“ಇಲ್ಲಪ್ಪಾ. ಇದರಾಗ ರೋಗಿ ನೋಡಂಗಿಲ್ಲ. ಮೊದಲ ಇಲಿ ಮಿದುಳು ನೋಡತೀವಿ.”

“ಇಲಿ ದುಡ್ಡು ಕೊಡತಾವೇನು?”

“ನೀನು ಎತ್ತಿನ ಬಾಯಾಗ ಕೈ ಹಾಕತೀಯಲ್ಲ, ಎತ್ತು ದುಡ್ಡು ಕೊಡತೈತೇನು?”

ಗೊತ್ತಿಲ್ಲದ ಮಾಲಾದರೆ ಮಾವ ಪೇಟೆಗೆ ಹೋಗಿ ವಿಚಾರಿಸುವವನು. ಎದ್ದು ಹೊರಟ. ಎಲ್ಲಿಗೆ ಹೋದ ಅಂತೀರಿ? ಹಣೆಯ ತುಂಬ ವಿಭೂತಿ ಬಳಿದುಕೊಂಡು, ಕೊರಳಲ್ಲಿ ಲಿಂಗ ಕಟ್ಟಿಕೊಂಡು ಸೀದಾ ಕೌಲ್‌ಬಜಾರಿನ ಮಟನ್ ಅಂಗಡಿಗೆ! ಹಿಂದೆಯೇ ಓಡಿದ ನಾನು ಅಂಗಡಿಯಿಂದ ನಾಲ್ಕು ಮಾರು ದೂರ ನಿಂತು ಕೇಳಿಸಿಕೊಂಡೆ.

“ಏನ್ರಿ ಸ್ವಾಮೇರ, ದಾರಿ ತಪ್ಪಿ ಬಂದ್ರೇನು?”

“ತಪ್ಪಿಲ್ಲ ಸಾಬಣ್ಣಾ. ಮಿದುಳು ಹೆಂಗ ಕೊಡತಿ?”

“ಭೇಜಾ ಒಂದಕ್ಕ ಒಂದು ರೂಪಾಯಿ. ಯಾರಿಗ್ರಿ?”

“ನನ್ನ ಮಗಳಿಗೆ.”

ಸಾಬಣ್ಣನ ಕತ್ತಿ ಅರ್ಧಕ್ಕೇ ನಿಂತಿತು. ಮಾವ ಸಮಾಧಾನದಿಂದ ಮುಂದುವರಿಸಿದ: “ತಿನ್ನಾಕಲ್ಲಪ್ಪಾ, ಕಲಿಯಾಕ. ಗಿರಾಕಿ ಹೆಂಗ ಅದಾರ?”

“ಅದಕ್ಕ ಗಿರಾಕಿ ಕಡಿಮೀರಿ. ಕಾಲು ನೋಡ್ರಿ, ಸೂಪಿಗೆ ಅಂತ ಬೆಳಕು ಹರಿಯೋದ್ರಾಗ ಖಾಲಿ.”

ಮಾವ ನನ್ನ ಹತ್ತಿರ ಬಂದು ಗಂಭೀರವಾಗಿ ಹೇಳಿದ: “ಅಳಿಯಾ, ಬೆಂಗಳೂರಿಗೆ ಕಾಗದ ಬರಿ. ಕಾಲಿನ ಡಿಗ್ರಿ ಐತೇನು ಕೇಳು.”

ಹೀಗೆ ವಿಚಾರಣೆಯಲ್ಲೇ ಹದಿಮೂರು ದಿನ ಕಳೆದವು. ಮಗಳು ಊಟ ಕಡಿಮೆ ಮಾಡಿದಳು, ಮಾತು ಪೂರ್ತಿ ನಿಲ್ಲಿಸಿದಳು. ಹದಿನಾಲ್ಕನೆಯ ದಿನ ಮಾವ, “ಕಣ್ಣಿಲೆ ನೋಡದ ಮಾಲು ಬಿಡಾಕೂ ಬಾರದು” ಎಂದು ಮಗಳನ್ನು ಕರೆದುಕೊಂಡು ರೈಲು ಹತ್ತಿದ. ಚೌಕಾಸಿಗೆ ಜೊತೆಗಿರಲಿ ಎಂದು ನನ್ನನ್ನೂ ಎಳೆದುಕೊಂಡ.

ಬೆಂಗಳೂರಿನ ಆ ಸಂಸ್ಥೆಯ ಪ್ರೊಫೆಸರು ನರೆತ ಕೂದಲಿನ, ಮೆತ್ತಗಿನ ಮಾತಿನ ಮನುಷ್ಯ. ಫೀಜಿನ ಮಾತು ಬಂತು. ಮಾವ ಕುರ್ಚಿಯನ್ನು ಅವರ ಪಕ್ಕಕ್ಕೆ ಜರುಗಿಸಿ, ಹೆಗಲ ಟವೆಲು ತೆಗೆದು ಅವರ ಬಲಗೈ ಮೇಲೆ ಹೊದಿಸಿ, ಒಳಗೆ ತನ್ನ ಕೈ ತೂರಿಸಿದ. ದನದ ಸಂತೆ ಕಂಡವರಿಗೆ ಇದು ಗೊತ್ತು. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದೆಂದು ಬಟ್ಟೆಯ ಕೆಳಗೆ ಬೆರಳು ಹಿಡಿದೇ ಹೇಳುತ್ತಾರೆ, ಒಂದು ಬೆರಳಿಗೆ ಒಂದು ನೂರು. ಮಾವ ಎರಡು ಬೆರಳು ಒತ್ತಿದನಂತೆ. ಪ್ರೊಫೆಸರು ಕೈ ಎಳೆದುಕೊಳ್ಳಲಿಲ್ಲ. ಕಣ್ಣು ಮುಚ್ಚಿ ಒಂದು ಗಳಿಗೆ ಗಮನವಿಟ್ಟು ನೋಡಿ ಹೇಳಿದರು:

“ಹಿಡಿತ ಬಹಳ ಚೆನ್ನಾಗಿದೆ ಯಜಮಾನರೇ. ನಿಮ್ಮ ನರಗಳಲ್ಲಿ ಏನೂ ದೋಷವಿಲ್ಲ.”

ಇಷ್ಟು ವರ್ಷದ ದಲ್ಲಾಳಿತನದಲ್ಲಿ ಮಾವನಿಗೆ ಇಂಥ ದರ ಯಾರೂ ಹೇಳಿರಲಿಲ್ಲ!

ನಾನು ವಿಷಯ ಬಿಡಿಸಿ ಹೇಳಿದೆ. ಪ್ರೊಫೆಸರು ನಕ್ಕರು. “ಫೀಜು ಅಂಥದ್ದೇನಿಲ್ಲ. ಸಂಶೋಧನೆಗೆ ಸೇರಿದ ಮೇಲಂತೂ ನಾವೇ ತಿಂಗಳು ತಿಂಗಳು ಹಣ ಕೊಡುತ್ತೇವೆ.”

ಮಾವನ ಮುಖ ಕಪ್ಪಿಟ್ಟಿತು. ನನ್ನ ಕಿವಿಗೆ ಬಗ್ಗಿದ. “ಏಳು ಅಳಿಯಾ, ಹೋಗೂಣು. ಎತ್ತು ಹೊಡಕೊಂಡು ಹೋಗೋನಿಗೆ ಮ್ಯಾಲ ದುಡ್ಡು ಕೊಡತಾರಂದ್ರ ಆ ಎತ್ತು ಹಾಯತೈತಿ ಅಂತ ಅರ್ಥ.”

ನನಗೂ ಒಳಗೊಳಗೇ ಖುಷಿ. ವ್ಯವಹಾರ ಮುರಿಯಿತು, ಸಾಯಂಕಾಲದ ಗಾಡಿಗೆ ಹೊರಡಬಹುದು. ಆದರೆ ಮಗಳು ಸರ್ಟಿಫಿಕೇಟಿನ ಫೈಲನ್ನು ಎದೆಗವಚಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಮಾವ ಅವಳನ್ನು ನೋಡಿದ. ಏಳಲು ಹೋದವನು ಮತ್ತೆ ಕೂತ.

“ಸಾಹೇಬ್ರ, ಒಂದು ಮಾತು ಕೇಳತೀನಿ. ಈಕಿ ಅವ್ವಗ ಮೂರ್ಛೆ ಬರತೈತ್ರಿ. ಮದಿವಿ ಆದ ವರ್ಷದಿಂದ. ಈಕಿ ಇಲ್ಲಿ ಕಲಿತ್ರ ಅದು ನಿಲ್ಲತೈತೇನ್ರಿ?”

ಅತ್ತೆಗೆ ಮೂರ್ಛೆ ಬರುವುದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ನನ್ನ ರಟ್ಟಿನ ಲೆಕ್ಕದಲ್ಲಿ ನಾನು ಅದನ್ನು ಎಲ್ಲಿಯೂ ಹಿಡಿದಿರಲಿಲ್ಲ.

ಪ್ರೊಫೆಸರು ಕುರ್ಚಿಯನ್ನು ಮಾವನ ಕಡೆ ತಿರುಗಿಸಿದರು. “ನಿಲ್ಲುತ್ತದೆ ಅಂತ ನಾನು ಹೇಳಲಾರೆ. ಈಗಿರುವ ಮಾತ್ರೆ ಡಾಕ್ಟರ ಹತ್ತಿರ ಸಿಗುತ್ತದೆ, ಅದನ್ನು ಕೊಡಿಸಿ. ಇವಳ ಕೆಲಸದಿಂದ ತಾಯಿಗೆ ಉಪಯೋಗ ಆಗದೇ ಹೋಗಬಹುದು. ಮುಂದೆ ಯಾರಿಗಾದರೂ ಆಗಬಹುದು. ನೌಕರಿಯೂ ಬೇಗ ಸಿಗುವುದಿಲ್ಲ.”

ಇನ್ನೇನು ಬೇಕು? ಚೊಕ್ಕ ನಷ್ಟ! ನಾನು ಚೀಲ ಎತ್ತಿಕೊಂಡೆ. ಮಾವ ಮಾತ್ರ ಪೆನ್ನು ಕೇಳಿದ.

“ಮಾವ, ಅವರೇ ಬಾಯಿಬಿಟ್ಟು ಹೇಳಾಕತ್ತಾರ, ಲಾಭ ಇಲ್ಲಂತ.”

“ಅದಕ್ಕಲೇ. ಇಷ್ಟು ವರ್ಷ ಸಂತಿ ಮಾಡೀನಿ, ತನ್ನ ಎತ್ತಿನ ಐಬು ತಾನ ಹೇಳಿದ ಮನುಷ್ಯಾನ್ನ ಕಂಡಿಲ್ಲ. ಇಂಥವನ ಕೈಯಾಗ ಮಗಳ್ನ ಬಿಡಬೌದು.”

ಸಹಿ ಹಾಕಿದ. ಊರಿಗೆ ಬಂದವನೇ ಅತ್ತೆಯನ್ನು ಬಳ್ಳಾರಿಯ ಡಾಕ್ಟರಿಗೆ ತೋರಿಸಿ ಮಾತ್ರೆ ಶುರು ಮಾಡಿಸಿದ. ಮೂರ್ಛೆ ಅಪರೂಪವಾಯಿತು, ಪೂರ್ತಿ ನಿಲ್ಲಲಿಲ್ಲ.

ಮೊದಲ ದಸರೆ ರಜೆಗೆ ಮಗಳು ಬಂದಾಗ ನಾನೂ ಕುರುಗೋಡಿನಲ್ಲಿದ್ದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಒಲೆಯ ಪಕ್ಕಕ್ಕೆ ವಾಲಿದರು. ನಾನು ಎಂದಿನಂತೆ ಕೈಗಿಡಲು ಕಬ್ಬಿಣದ ಕೀಲಿಗೊಂಚಲು ಹುಡುಕಿ ಓಡಿದೆ. ಮಗಳು ತಡೆದಳು. ತಾಯಿಯನ್ನು ಒಲೆಯಿಂದ ಈಚೆಗೆ ಸರಿಸಿ, ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ತನ್ನ ಸೆರಗು ಮಡಚಿಟ್ಟು, ಕೈಗಡಿಯಾರ ನೋಡುತ್ತ ಕೂತಳು. ಮಾವ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.

“ಏನು ನೋಡಾಕತ್ತೀಯವ್ವಾ?”

“ಎಷ್ಟು ಹೊತ್ತು ಇರತೈತಿ ಅಂತ, ಅಪ್ಪಾ.”

ಅತ್ತೆಯ ಕೈಕಾಲು ಸಡಿಲಾದವು. ಉಸಿರು ನೆಲೆಗೆ ಬಂತು.

“ಎರಡು ನಿಮಿಷ,” ಎಂದಳು ಮಗಳು.

“ಅಷ್ಟೇನಾ?” ಮಾವ ಅತ್ತೆಯ ಪಕ್ಕ ಬಂದು ಕೂತ. “ನನಗ ಪ್ರತಿ ಸಲಾನೂ ಮಧ್ಯಾಹ್ನ ಪೂರ್ತಿ ಅನಸ್ತಿತ್ತಲ್ಲವ್ವಾ.”

ಅತ್ತೆ ಕಣ್ಣು ತೆರೆದು, ರೊಟ್ಟಿ ಸೀಯುವ ವಾಸನೆ ಹಿಡಿದು, ಏಳಲು ಹೋದರು. ಮಾವ ಅವರ ಹೆಗಲು ಒತ್ತಿ ಮಲಗಿಸಿದ. ತಾನೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳು ಸುಟ್ಟುಕೊಂಡು, ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದ.