ಅಳತೆ ಪುಸ್ತಕದ ಸಂಶೋಧನೆ

ಹೆಂಡತಿಗೆ ಕಾಯಿಲೆಯಾದರೆ ಗಂಡನಾದವನು ಮರುಗಬಹುದು, ಔಷಧಿ ತರಬಹುದು, ಬೇಕಾದರೆ ಅಡಿಗೆಯನ್ನೂ ಕಲಿಯಬಹುದು. ಸಂಶೋಧನೆಗೆ ಮಾತ್ರ ಇಳಿಯಬಾರದು. ಈ ಬುದ್ಧಿವಾದವನ್ನು ನಮ್ಮ ಟೈಲರಪ್ಪನಿಗೆ ಯಾರಾದರೂ ಮೊದಲೇ ಹೇಳಿದ್ದರೆ ಅವನ ಮಾನ ಉಳಿಯುತ್ತಿತ್ತು. (ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ, ಆ ಮಾತು ಬೇರೆ.)

ಟೈಲರಪ್ಪನ ಹೆಂಡತಿ ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಬೀದಿಗೆಲ್ಲ ಅವಳು ಟೀಚರ್. ಹೆದರಿಕೆಯಾದಾಗ ಗಂಡನಿಗೂ ಟೀಚರ್. ಎರಡು ವರ್ಷದ ಹಿಂದೆ ಅವಳಿಗೊಂದು ಜ್ವರ ಬಂತು. ಜ್ವರ ಹೋಯಿತು, ಸುಸ್ತು ಮಾತ್ರ ಬೀಡುಬಿಟ್ಟಿತು. ಅದು ನಿಮ್ಮ ನಮ್ಮ ಸುಸ್ತಲ್ಲ. ಹತ್ತು ಗಂಟೆ ಮಲಗಿ ಎದ್ದರೂ ರಾತ್ರಿಯೆಲ್ಲ ಮೂಟೆ ಹೊತ್ತಂತೆ ಇರುತ್ತಿತ್ತು. ಒಂದು ದಿನ ತಲೆಗೆ ಸ್ನಾನ ಮಾಡಿದರೆ ಮುಂದಿನ ಎರಡು ದಿನ ಬಾಚಣಿಗೆ ಎತ್ತಲೂ ಕೈ ಬರುತ್ತಿರಲಿಲ್ಲ. ನಾಲ್ಕು ಸಲ ರಕ್ತ ತೆಗೆದ ಮೇಲೆ ಡಾಕ್ಟರು ಅದಕ್ಕೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ನಾಮಕರಣ ಮಾಡಿದರು. ಬಹುಕಾಲ ಬಿಡದ ಆಯಾಸ ಎಂದು ಅರ್ಥ ಹೇಳಿದಾಗ, "ಇಷ್ಟನ್ನ ನಾನೇ ಹೇಳ್ತಿದ್ದೆನಲ್ಲ" ಎಂದು ಟೈಲರಪ್ಪ ಗೊಣಗಿದ.

ಹೆಸರಿನ ಜೊತೆಗೆ ಒಂದು ಕರಪತ್ರವನ್ನೂ ಕೊಟ್ಟರು. 'ದಿನದಿನವೂ ನಡಿಗೆ ಹೆಚ್ಚಿಸಿ. ಆಯಾಸವಾಯಿತೆಂದು ಹಿಂಜರಿಯಬೇಡಿ' ಎಂದು ದಪ್ಪ ಅಕ್ಷರದಲ್ಲಿತ್ತು. ಯಾವ ಸಂಶೋಧನೆಯ ಆಧಾರದ ಮೇಲೆ ಹಾಗೆ ಹೇಳಿದ್ದು ಎನ್ನುವುದು ಕೆಳಗೆ ಇರುವೆಯಂಥ ಅಕ್ಷರದಲ್ಲಿತ್ತು. ಟೈಲರಪ್ಪ ಮೇಲಿನದನ್ನು ಓದಿದ, ಟೀಚರ್ ಕೆಳಗಿನದನ್ನು ಓದಿದಳು. ಸಂಸಾರದಲ್ಲಿ ಜಗಳ ಹುಟ್ಟಿದ್ದು ಅಲ್ಲಿಂದಲೇ.

ಅಷ್ಟರಲ್ಲಿ ಆ ಕರಪತ್ರವನ್ನು ತಿದ್ದಿ ಬರೆಯಲು ಒಂದು ಸಮಿತಿ ಕೂತಿತು. ರೋಗಿಗಳು ತಮ್ಮ ಅಭಿಪ್ರಾಯವನ್ನು ತಿಂಗಳ ಕೊನೆಯ ಶುಕ್ರವಾರದೊಳಗೆ ಕಳಿಸಬಹುದು ಎಂದಿತು. ಟೀಚರ್ ಮಲಗಿದಲ್ಲೇ ಟೊಂಕ ಕಟ್ಟಿದಳು. ಅದೇ ಕಾಯಿಲೆಯ ಇಬ್ಬರು ಫೋನಿನ ಗೆಳೆಯರು ಜೊತೆಯಾದರು: ಲೈಬ್ರರಿಯಲ್ಲಿದ್ದ ಅಕ್ಕ ಒಬ್ಬಳು, ಬಸ್ ಓಡಿಸುತ್ತಿದ್ದ ಡ್ರೈವರ್ ಒಬ್ಬ. ದಿನಕ್ಕೆ ಇಪ್ಪತ್ತು ನಿಮಿಷ ಸಭೆ, ಮೂರು ಮನೆಯ ಮೂರು ಹಾಸಿಗೆಗಳಿಂದ. ಒಬ್ಬರು ಮಾತಾಡುವಾಗ ಉಳಿದವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ, ಕೂಗಾಡಲು ಯಾರಿಗೂ ತ್ರಾಣವಿರಲಿಲ್ಲ. (ಲೋಕದ ಎಲ್ಲ ಸಭೆಗಳೂ ಹೀಗೇ ನಡೆದರೆ ಎಷ್ಟು ಚೆನ್ನ!)

"ಕರಪತ್ರದ ಕೆಳಗೆ ಹೆಸರಿಸಿದ ಆ ವರದೀಲಿ ಹದಿನಾಲ್ಕನೇ ಪುಟ ತೆಗೀರಿ ಅಕ್ಕ," ಎಂದಳು ಟೀಚರ್, ಕೈಯಲ್ಲಿ ಕೆಂಪು ಪೆನ್ನು ಹಿಡಿದು. "ಈ ಸಂಶೋಧನೆಗೆ ಸೇರ್ಬೇಕಾದ್ರೆ ರೋಗಿ ಓಡಾಡೋ ಶಕ್ತಿಯ ಪರೀಕ್ಷೇಲಿ ನೂರಕ್ಕೆ ಅರವತ್ತೈದೋ ಅದಕ್ಕಿಂತ ಕಮ್ಮಿನೋ ತೆಗೀಬೇಕು. ವಾಸಿಯಾಯ್ತು ಅನ್ನಿಸ್ಕೊಳ್ಳೋಕೆ ಅರವತ್ತು ಸಾಕು."

"ಹಾಗಾದ್ರೆ ಅರವತ್ತೆರಡು ತೆಗೆದೋನು?" ಡ್ರೈವರ್ ಕೇಳಿದ.

"ಹೊಸಿಲು ದಾಟುವಾಗ್ಲೇ ರೋಗಿ, ದಾಟುವಾಗ್ಲೇ ವಾಸಿ."

"ಸರಿಹೋಯ್ತು. ನಮ್ಮ ಡಿಪೋದಲ್ಲಿ ಹೀಗೆ ಬರೆದಿದ್ರೆ ಬಸ್ಸು ಹೊರಡೋಕೆ ಮುಂಚೆನೇ ಊರು ತಲುಪಿರೋದು."

"ಮಧ್ಯದಲ್ಲಿ ಬಿಟ್ಟು ಹೋದೋರು ಯಾಕೆ ಹೋದ್ರು ಅಂತ ಬರೆದಿದಾರಾ?" ಅಕ್ಕ ಕೇಳಿದಳು.

"ಒಂದು ಸಾಲೂ ಇಲ್ಲ." ಟೀಚರ್ ಅಂಚಿನಲ್ಲಿ ದುಂಡಗೆ ಸೊನ್ನೆ ಸುತ್ತಿದಳು.

ಮುಂದಿನ ಕೋಣೆಯೇ ಟೈಲರಪ್ಪನ ಅಂಗಡಿ. ಹೊಲಿಗೆ ಮಿಷನ್ನು ನಿಲ್ಲಿಸಿ ಇದನ್ನೆಲ್ಲ ಕೇಳಿಸಿಕೊಂಡವನಿಗೆ ಮೈಯೆಲ್ಲ ಉರಿಯಿತು. "ಹಾಸಿಗೆ ಬಿಟ್ಟು ಏಳದೋರು ಪಂಡಿತರಿಗೆ ಸೊನ್ನೆ ಹಾಕ್ತಾರಂತೆ!" ಎಂದು ಗಿರಾಕಿಯ ಭುಜ ಅಳೆಯುತ್ತ ಆ ಭುಜಕ್ಕೇ ದೂರು ಕೊಟ್ಟ. ಆಗಲೇ ಅವನ ತಲೆಯಲ್ಲಿ ಮಹತ್ತಾದ ಯೋಚನೆ ಮಿಂಚಿತು. ಕರಪತ್ರ ಸರಿ ಎಂದು ತಾನೇ ಮಾಡಿ ತೋರಿಸಬೇಕು! ಉಪಕರಣಗಳಿಗೇನು ಬರ? ಕೊರಳಲ್ಲಿ ಟೇಪಿತ್ತು, ಕಪಾಟಿನಲ್ಲಿ ಹೊಸ ಅಳತೆ ಪುಸ್ತಕವಿತ್ತು. ಮಂಚದಿಂದ ಬಾಗಿಲಿಗೆ ಒಂಬತ್ತಡಿ, ಊಟದ ಮೇಜಿಗೆ ಹದಿನಾಲ್ಕು, ಅಂಗಡಿಯ ಸ್ಟೂಲಿಗೆ ಇಪ್ಪತ್ತಾರು ಎಂದು ಮನೆಯನ್ನೆಲ್ಲ ಅಳೆದು ಬರೆದುಕೊಂಡ.

"ಏಳಿ ಟೀಚರ್! ಕೈ ಕೆಸರಾದ್ರೆ ಬಾಯಿ ಮೊಸರು."

"ಎರಡು ವರ್ಷದಿಂದ ಕುತ್ತಿಗೆವರೆಗೂ ಕೆಸರಲ್ಲೇ ಇದೀನಿ ರೀ. ಮೊಸರೆಲ್ಲಿ?"

ಹಾಗೆಂದರೂ ಅವಳು ಎದ್ದಳು. ಗಂಡನ ಮುಖದಲ್ಲಿ ಅಷ್ಟು ಆಸೆಯಿತ್ತು. ನಿಜ ಹೇಳಬೇಕೆಂದರೆ ಅವಳಿಗೂ ಇತ್ತು. ಮೊದಲೆಲ್ಲ ಸ್ಕೂಲಿಂದ ಬಂದವಳು ಅಂಗಡಿಯ ಸ್ಟೂಲಿನ ಮೇಲೆ ಕೂತು ಗುಂಡಿ ಆರಿಸಿಕೊಡುತ್ತಿದ್ದಳು. ಆ ಸ್ಟೂಲಿನ ಮೇಲೆ ಮತ್ತೊಮ್ಮೆ ಕೂರಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು. "ಆದ್ರೆ ಇದ್ದದ್ದು ಇದ್ದ ಹಾಗೆ ಬರೀಬೇಕು," ಎಂದು ಕರಾರು ಹಾಕಿದಳು.

"ನನ್ನ ಪುಸ್ತಕದಲ್ಲಿ ಕಾಲಿಂಚು ತಪ್ಪಿದ್ರೆ ಕತ್ತರಿ ಮುಟ್ಟಲ್ಲ ಕಣೇ!"

ಮೂರನೆಯ ದಿನ ಅವಳು ಸ್ಟೂಲಿನ ಮೇಲೆ ಕೂತು ಆರು ಗುಂಡಿ ಆರಿಸಿದಳು. ಟೈಲರಪ್ಪನನ್ನು ಹಿಡಿಯುವವರೇ ಇಲ್ಲ. ಬಂದ ಗಿರಾಕಿಗಳಿಗೆಲ್ಲ, "ಇನ್ನೆರಡು ವಾರ, ಸ್ಕೂಲಿಗೇ ಹೋಗ್ತಾಳೆ" ಎಂದು ಸಾರಿದ. ಮಾರನೆಯ ಬೆಳಿಗ್ಗೆ ಅವಳಿಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ನಾಲ್ಕು ದಿನ ಕಿಟಕಿಗೆ ಪರದೆ ಎಳೆದು, ಚಮಚದಲ್ಲಿ ಗಂಜಿ ಕುಡಿಸಿದ. ಚೇತರಿಸಿಕೊಂಡಳೋ ಇಲ್ಲವೋ, 'ಹಿಂಜರಿಯಬೇಡಿ' ಎಂಬ ಸಾಲು ನೆನಪಾಗಿ ಮತ್ತೆ ಎಬ್ಬಿಸಿದ. ಹೊರಬಾಗಿಲ ಮೆಟ್ಟಿಲಿಗೆ ಮೂವತ್ತಡಿ, ಮಾರನೆಯ ದಿನ ಗೇಟಿಗೆ ಮೂವತ್ತೈದು. ಈ ಸಲ ಆರು ದಿನ ನೆಲಕಚ್ಚಿದಳು. ಮತ್ತೊಂದು ಸಲ ಪಕ್ಕದ ಮನೆಯ ಗೋಡೆಯವರೆಗೆ, ನಲವತ್ತು. ಆಮೇಲೆ ಅವಳ ಮಾತೂ ಪಿಸುಗುಟ್ಟುವಷ್ಟಕ್ಕೆ ಇಳಿಯಿತು. ಸಮಿತಿಗೆ ಬರೆಯುತ್ತಿದ್ದ ಪತ್ರ ಅರ್ಧಕ್ಕೇ ದಿಂಬಿನ ಪಕ್ಕ ಬಿದ್ದಿತ್ತು, ನಾಳೆಯೇ ಕೊನೆಯ ಶುಕ್ರವಾರ.

ಗುರುವಾರದ ಸಭೆಗೆ ಫೋನು ಬಂತು. ಟೀಚರಿಗೆ ಫೋನು ಹಿಡಿಯಲೂ ಆಗುತ್ತಿರಲಿಲ್ಲವಾದ್ದರಿಂದ ಟೈಲರಪ್ಪನೇ ಎತ್ತಿಕೊಂಡ. ಎತ್ತಿಕೊಂಡವನು ಸುಮ್ಮನಿರಬಾರದೇ? "ನಿಮ್ಮ ಸೊನ್ನೆಗಳಿಗೆಲ್ಲ ನನ್ನ ಹತ್ರ ಉತ್ತರ ಇದೆ" ಎಂದು ಅಳತೆ ಪುಸ್ತಕ ಬಿಚ್ಚಿದ.

"ಕೇಳಿ! ಮೂರನೇ ತಾರೀಕು ಒಂಬತ್ತಡಿ. ನಾಲ್ಕು, ಹದಿನಾಲ್ಕಡಿ. ಐದು, ಇಪ್ಪತ್ತಾರು. ಹತ್ತು, ಮೂವತ್ತು. ಹನ್ನೊಂದು, ಮೂವತ್ತೈದು. ಹದಿನೆಂಟು, ನಲವತ್ತು! ಒಂದು ಸಲಾನಾದ್ರೂ ಇಳಿದಿದ್ಯಾ?"

"ಅಣ್ಣಾ," ಎಂದ ಡ್ರೈವರ್ ಮೆಲ್ಲಗೆ, "ಐದಾದ್ಮೇಲೆ ಹತ್ತಕ್ಕೆ ಹಾರಿದ್ರಲ್ಲ. ನಡುವೆ ಏನಾಯ್ತು?"

"ಅವು ರಜಾ ದಿನ. ಕೆಲಸ ನಡೆದ ದಿನ ಮಾತ್ರ ಅಂಗಡಿ ಪುಸ್ತಕಕ್ಕೆ ಏರಿಸೋದು. ನಮ್ಮಪ್ಪನ ಕಾಲದಿಂದ ಅದೇ ಪದ್ಧತಿ."

"ರಜಾ ದಿನ ಟೀಚರ್ ಏನ್ ಮಾಡ್ತಿದ್ರು?" ಅಕ್ಕನ ದನಿ.

"ಏನ್ ಮಾಡ್ತಾಳೆ, ಮಲಗಿದ್ಲು." ಟೈಲರಪ್ಪನ ದನಿ ಒಂದು ಮೆಟ್ಟಿಲು ಇಳಿಯಿತು. "ನಾನು ಚಮಚದಲ್ಲಿ ಗಂಜಿ ಹಾಕ್ತಿದ್ದೆ."

ಮಂಚದ ಮೇಲೆ ಟೀಚರ್ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು: "ನಾಲ್ಕು... ಆರು... ಇವತ್ತಿಗೆ ಒಂಬತ್ತು."

ಟೈಲರಪ್ಪ ಬೆರಳು ಮಡಿಸಿ ಕೂಡಿದ. ಮಲಗಿದ್ದು ಹತ್ತೊಂಬತ್ತು ದಿನ. ಬರೆದದ್ದು ಆರು ದಿನ. ನಾಲ್ಕರಿಂದ ಆರು, ಆರರಿಂದ ಒಂಬತ್ತು. ಏರಿದ್ದು ನಡಿಗೆಯಲ್ಲ, ಕಾಯಿಲೆ. ಏರಿಸಿದವನು ತಾನು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಡತಿಯ ಪಾದದ ಬಳಿ ಕೂತು, "ನಾನೇ ನಿನ್ನ ಆರೋಗ್ಯ ಕೆಡಿಸಿಬಿಟ್ಟೆ ಕಣೇ" ಎಂದು ಗಳಗಳನೆ ಅತ್ತ.

"ಅಳೋದು ಶನಿವಾರ ಇಟ್ಕೊಳ್ಳಿ," ಎಂದಳು ಟೀಚರ್. "ಈಗ ಪೆನ್ನು ತಗೊಳ್ಳಿ."

ಆ ಸಂಜೆಯೂ ಮಾರನೆಯ ಬೆಳಿಗ್ಗೆಯೂ ಅವಳು ಒಂದು ಸಾಲು ಹೇಳುವಳು, ಅರ್ಧ ಗಂಟೆ ಕಣ್ಣು ಮುಚ್ಚುವಳು, ಇನ್ನೊಂದು ಸಾಲು ಹೇಳುವಳು. ಬೇಸರವಿಲ್ಲದೆ ಬರೆದ ಟೈಲರಪ್ಪ ಕೊನೆಯ ಪುಟದಲ್ಲಿ ತಡೆದ. ಅವಳು ಹೇಳಿದ ಸಾಲು ಹೀಗಿತ್ತು: 'ಅನುಬಂಧ: ಮನೆಯಲ್ಲಿ ನಡೆದ ಒಂದು ಸಂಶೋಧನೆ ಮತ್ತು ಅದರ ದೋಷಗಳು.'

"ಹೆಸರು ಬೇಡ ಕಣೇ, ಮರ್ಯಾದೆ ಹೋಗುತ್ತೆ."

"ಹೆಸರ್ಯಾಕೆ? ಸಂಶೋಧಕರು ಒಬ್ಬ ಟೈಲರ್, ಅಷ್ಟೇ ಬರೀರಿ."

ತನ್ನ ಅಪರಾಧವನ್ನು ತನ್ನ ಕೈಯಾರೆ ದುಂಡಗೆ ಬರೆದು, ಮಧ್ಯಾಹ್ನದೊಳಗೆ ತಾನೇ ಓಡಿಹೋಗಿ ಸಮಿತಿಯ ಕಚೇರಿಗೆ ಮುಟ್ಟಿಸಿ ಬಂದ.

ಆರು ತಿಂಗಳಿಗೆ ಹೊಸ ಕರಪತ್ರ ಬಂತು. ನಡಿಗೆ ಹೆಚ್ಚಿಸುವ ಸಾಲು ಮಾಯವಾಗಿ, 'ಇರುವ ಶಕ್ತಿಯೊಳಗೇ ಇರಿ' ಎಂಬ ಸಾಲು ಬಂದಿತ್ತು. ಟೀಚರಿಗೆ ವಾಸಿಯೇನೂ ಆಗಿರಲಿಲ್ಲ. ಆದರೆ ಎಬ್ಬಿಸುವವರಿಲ್ಲದ ಕಾರಣ ಬೀಳುವುದೂ ಕಡಿಮೆಯಾಗಿತ್ತು. ಅಂದು ಅವಳು ಮೂರು ಹಾಸಿಗೆಯ ಸಭೆಯಲ್ಲಿ ಮನಸಾರೆ ನಕ್ಕಳು.

ಅದೇ ವಾರ ಡಾಕ್ಟರೇ ಅಂಗಡಿಗೆ ಬಂದರು, ಕೋಟು ಹೊಲಿಸಲು. ಕೈಯಲ್ಲಿ ಹೊಸ ಕರಪತ್ರವಿತ್ತು. "ಕೇಳಿ, ತಮಾಷೆಯಾಗಿದೆ," ಎಂದು ಗಟ್ಟಿಯಾಗಿ ಓದಿದರು: "'ಮನೆಯವರು ರೋಗಿ ಮಲಗಿದ ದಿನಗಳನ್ನೂ ತಪ್ಪದೆ ಬರೆಯಬೇಕು. ಅಳತೆ ಟೇಪು ಹಿಡಿದು ರೋಗಿಯನ್ನು ನಡೆಸಬಾರದು.' ಯಾರೋ ಒಬ್ಬ ಟೈಲರಂತೆ, ಸಮಿತಿಯೋರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರಂತೆ. ನಿಮಗೇನಾದ್ರೂ ಗೊತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೈಲರಪ್ಪನ ಕೈ ಸೀದಾ ಕೊರಳಿಗೆ ಹೋಯಿತು, ಟೇಪನ್ನು ಸರಕ್ಕನೆ ಎಳೆದು ಜೇಬಿಗೆ ತುರುಕಿತು.

"ಅಯ್ಯೋ, ಟೇಪು ಯಾಕೆ ಒಳಗಿಟ್ರಿ? ನನ್ನ ಅಳತೆ ತಗೊಳ್ಳಲ್ವಾ?" ಡಾಕ್ಟರು ಕೇಳಿದರು.

"ನಾನು... ನಾನು ಯಾವಾಗ್ಲೂ ಕಣ್ಣಳತೆಯಲ್ಲೇ ಹೊಲಿಯೋದು ಡಾಕ್ಟ್ರೇ!"

ಒಳಗಿನ ಮಂಚದಿಂದ ನಗು ಕೇಳಿಸಿತು. ಕೋಟಿನ ಬಲಗೈ ಎರಡಿಂಚು ಗಿಡ್ಡವಾಯಿತು.